ಬಲಿಷ್ಠ ರಾಷ್ಟ್ರಗಳ ಮೇಲಣ ಮುನಿಸು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸೊಲ್ಲಾಪುರ ಸೀಮೆಯ ಕನ್ನಡಿಗರ ಈ ಉತ್ಸವದಲ್ಲಿ ಇರಾನ ದೇಶದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನಿಸದಿರದು. ನಾಡು ನುಡಿಗಳ ವಿಷಯವಾಗಿ ನಮಗಿಂತ ಅಧಿಕಾರವಾಣಿಯಿಂದ ಮಾತನಾಡಬಲ್ಲ ಹಿರಿಯರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದಕಾರಣ ನಾವು ಬೇರೊಂದು ವಿಷಯವನ್ನು ಆಯ್ದುಕೊಂಡಿದ್ದೇವೆ. ವೃತ್ತಪತ್ರಿಕೆಯನ್ನು ಓದುವ ಪ್ರತಿಯೊಂದು ಮನೆಯಲ್ಲಿಯೂ ಒಂದಿಲ್ಲೊಂದು ದಿನ ಮಕ್ಕಳು ಕೇಳುವ ಪ್ರಶ್ನೆಯದು: ಸಿರಿವಂತವೂ ಬಲಿಷ್ಠವೂ ಆದ ರಾಷ್ಟ್ರಗಳ ಮೇಲೆ, ಅದರಲ್ಲಿಯೂ ಅಮೆರಿಕೆಯ ಮೇಲೆ, ಲೋಕದ ಇಷ್ಟೊಂದು ಜನರಿಗೆ ಸಿಟ್ಟೇಕೆ?

ಇದಕ್ಕೆ ಎರಡು ಸಿದ್ಧ ಉತ್ತರಗಳುಂಟು. ಉಳ್ಳವರನ್ನು ಕಂಡು ಇಲ್ಲದವರಿಗೆ ಹೊಟ್ಟೆಕಿಚ್ಚು ಎಂಬುದು ಒಂದು. ಅವರ ಮತವೇ ಅಂಥದು, ಹುಟ್ಟಿನಿಂದಲೇ ದ್ವೇಷಿಗಳು ಎಂಬುದು ಇನ್ನೊಂದು. ಇವೆರಡೂ ಕೇಳುವುದಕ್ಕೆ ಸುಲಭ, ಆದರೆ ಇತಿಹಾಸದ ಮುಂದೆ ನಿಲ್ಲಲಾರವು. ಏಕೆಂದರೆ ಇರಾನದ ಜನ ಒಂದು ಕಾಲಕ್ಕೆ ಅಮೆರಿಕೆಯನ್ನು ಪ್ರೀತಿಸುತ್ತಿದ್ದರು.

ಇರಾನವು ನಮಗೆ ತೀರ ಹೊರಗಿನದೂ ಅಲ್ಲ. ನಾವು ದಿನಬೆಳಗಾದರೆ ಆಡುವ ಜಮೀನು, ಸರಕಾರ, ದರಖಾಸ್ತುಗಳು ಆ ನಾಡಿನ ಮಾತುಗಳೇ. 1472ರಲ್ಲಿ ಬೀದರಿನಲ್ಲಿ ಆ ಭವ್ಯ ಮದರಸವನ್ನು ಕಟ್ಟಿಸಿದ ಮಹಮೂದ ಗವಾನನು ಅಲ್ಲಿಯ ಗಿಲಾನ ಪ್ರಾಂತದಿಂದ ಬಂದವನು. ಇರಲಿ, ಪ್ರಸ್ತುತಕ್ಕೆ ಬರೋಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇರಾನವನ್ನು ಉತ್ತರದಿಂದ ರಶಿಯಾ, ದಕ್ಷಿಣದಿಂದ ಇಂಗ್ಲೆಂಡು ಅಮುಕಿ ಹಿಡಿದಿದ್ದವು. 1907ರಲ್ಲಿ ಆ ಎರಡು ಸಾಮ್ರಾಜ್ಯಗಳು ಇರಾನೀಯರನ್ನು ಒಂದು ಮಾತನ್ನೂ ಕೇಳದೆ ಅವರ ದೇಶವನ್ನು ತಮ್ಮ ತಮ್ಮ ಪ್ರಭಾವದ ವಲಯಗಳಾಗಿ ಹಂಚಿಕೊಂಡವು. ಅದೇ ಕಾಲದಲ್ಲಿ ಅಲ್ಲಿಯ ಪ್ರಜೆಗಳು ಸಂವಿಧಾನಕ್ಕಾಗಿ ಹೋರಾಡುತ್ತಿದ್ದರು. ತಬ್ರೀಜ ನಗರದ ಮಿಶನರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೋವರ್ಡ್ ಬಾಸ್ಕರವಿಲ್ ಎಂಬ ಇಪ್ಪತ್ತನಾಲ್ಕು ವರುಷದ ಅಮೆರಿಕನ್ ತರುಣನು ಆ ಹೋರಾಟಕ್ಕೆ ಸೇರಿ 1909ರಲ್ಲಿ ಗುಂಡಿಗೆ ಬಲಿಯಾದನು. 1911ರಲ್ಲಿ ದೇಶದ ಹಣಕಾಸನ್ನು ಸರಿಪಡಿಸಲೆಂದು ಇರಾನದ ಸಂಸತ್ತು ಕರೆಸಿಕೊಂಡದ್ದು ಮಾರ್ಗನ್ ಶುಸ್ಟರ್ ಎಂಬ ಅಮೆರಿಕನ್ನನನ್ನು. ರಶಿಯಾದ ಬೆದರಿಕೆಯಿಂದ ಅವನು ಹೊರಡಬೇಕಾಯಿತು. ಆದರೆ ಅವನ ಪ್ರಾಮಾಣಿಕತೆಯನ್ನು ಜನ ಮರೆಯಲಿಲ್ಲ. ಅಮೆರಿಕೆಯೆಂದರೆ ಸಾಮ್ರಾಜ್ಯದ ಆಸೆಯಿಲ್ಲದ ದೂರದ ಮಿತ್ರನೆಂಬ ಭಾವನೆ ಹೀಗೆ ಬೆಳೆಯಿತು.

ಇನ್ನು ಎಣ್ಣೆಯ ಮಾತು. 1901ರಲ್ಲಿ ವಿಲಿಯಂ ಡಾರ್ಸಿ ಎಂಬವನು ಇರಾನದ ರಾಜನಿಂದ ದೇಶದ ಬಹುಭಾಗದಲ್ಲಿ ಎಣ್ಣೆ ತೆಗೆಯುವ ಹಕ್ಕನ್ನು ಅರುವತ್ತು ವರುಷಗಳಿಗೆ ಪಡೆದುಕೊಂಡನು. ಅದಕ್ಕೆ ಅವನು ಕೊಟ್ಟುದು 20,000 ಪೌಂಡು ನಗದು, ಅಷ್ಟೇ ಮೊತ್ತದ ಶೇರುಗಳು, ಮುಂದೆ ಬರುವ ನಿವ್ವಳ ಲಾಭದಲ್ಲಿ ಶೇಕಡಾ 16 ಪಾಲು. 1908ರಲ್ಲಿ ಎಣ್ಣೆ ಚಿಮ್ಮಿತು. ಮರುವರುಷ ಕಂಪನಿ ಹುಟ್ಟಿತು. 1914ರಲ್ಲಿ, ಯುದ್ಧನೌಕೆಗಳಿಗೆ ಕಲ್ಲಿದ್ದಲಿನ ಬದಲು ಎಣ್ಣೆ ಬೇಕೆಂದು ಇಂಗ್ಲೆಂಡಿನ ಸರಕಾರವೇ ಆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. ಅಂದಿನಿಂದ ಇರಾನವು ವ್ಯವಹರಿಸಬೇಕಾದುದು ಒಬ್ಬ ವ್ಯಾಪಾರಿಯೊಡನೆ ಅಲ್ಲ, ಒಂದು ಸಾಮ್ರಾಜ್ಯದೊಡನೆ.

ಶೇಕಡಾ 16 ಎಂದರೆ ಯಾವುದರ ಶೇಕಡಾ 16? ಲಾಭವೆಷ್ಟೆಂದು ಹೇಳುವವರು ಕಂಪನಿಯವರೇ. ಅವರ ಲೆಕ್ಕದ ಪುಸ್ತಕಗಳನ್ನು ತೆರೆದು ನೋಡಲು ಇರಾನಕ್ಕೆ ಅವಕಾಶವಿರಲಿಲ್ಲ. ಹೊಲವನ್ನು ಪಾಲಿಗೆ ಕೊಟ್ಟು ರಾಶಿಯ ದಿನ ಕಣಕ್ಕೆ ಹೋಗಲು ಅಪ್ಪಣೆಯಿಲ್ಲದ ರೈತನ ಪಾಡು ಎಂಥದೆಂದು ಈ ಸಭೆಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. 1947ರಲ್ಲಿ ಕಂಪನಿಯು ತೆರಿಗೆ ಕಳೆದು ಗಳಿಸಿದ ಲಾಭ ಸುಮಾರು 4 ಕೋಟಿ ಪೌಂಡು. ಇರಾನಕ್ಕೆ ಸಂದುದು ಸುಮಾರು 70 ಲಕ್ಷ. ಇಂಗ್ಲೆಂಡಿನ ಬೊಕ್ಕಸಕ್ಕೆ ಅದೇ ಕಂಪನಿಯಿಂದ ತೆರಿಗೆಯ ರೂಪದಲ್ಲಿ ಹೋಗುತ್ತಿದ್ದ ಹಣವು ಎಣ್ಣೆಯ ಒಡೆಯರಿಗೆ ದೊರೆಯುತ್ತಿದ್ದುದಕ್ಕಿಂತ ಹೆಚ್ಚಾಗಿದ್ದಿತು. ಅಬಾದಾನದಲ್ಲಿ ಲೋಕದಲ್ಲಿಯೇ ದೊಡ್ಡದಾದ ಶುದ್ಧೀಕರಣ ಕಾರಖಾನೆ ನಿಂತಿತು. ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆಗಳು, ಕ್ಲಬ್ಬುಗಳು. ಕೂಲಿಗಳಿಗೆ ತಗಡು ರಟ್ಟುಗಳ ಗುಡಿಸಲು. ಆ ಗುಡಿಸಲುಗಳ ಕೇರಿಗೆ ಜನರು ಕಾಗದದ ಊರು ಎಂಬರ್ಥದ ಹೆಸರಿಟ್ಟಿದ್ದರು. ನಮ್ಮ ಭಾರತದಿಂದ ಹೋದ ಕೆಲಸಗಾರರೂ ಅಲ್ಲಿ ದುಡಿದಿದ್ದಾರೆ.

1950ರಲ್ಲಿ ಅಮೆರಿಕೆಯ ಕಂಪನಿಗಳು ನೆರೆಯ ಸೌದಿ ಅರೇಬಿಯಕ್ಕೆ ಲಾಭದ ಅರ್ಧ ಪಾಲನ್ನು ಕೊಡಲು ಒಪ್ಪಿದುವು. ಇಂಗ್ಲಿಷ್ ಕಂಪನಿಯು ಸಕಾಲದಲ್ಲಿ ಅದೇ ಮಾತನ್ನಾಡಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೆಂದು ನಮ್ಮ ಅಭಿಪ್ರಾಯ. ಅದು ಆಡಲಿಲ್ಲ. 1951ರ ಮಾರ್ಚಿಯಲ್ಲಿ ಇರಾನದ ಸಂಸತ್ತು ಎಣ್ಣೆಯ ಉದ್ಯಮವನ್ನು ರಾಷ್ಟ್ರೀಕರಿಸಿತು. ಮುಂದಿನ ತಿಂಗಳು ಡಾಕ್ಟರ್ ಮೊಹಮ್ಮದ ಮೊಸಾದೆಗ್ ಪ್ರಧಾನಿಯಾದರು. ಕಾಯಿದೆಯನ್ನು ಓದಿದ ವೃದ್ಧರು, ಹಟವಾದಿ, ಸಭೆಯಲ್ಲಿ ಕಣ್ಣೀರಿಡುವವರು, ಹಾಸಿಗೆಯ ಮೇಲೆ ಒರಗಿಕೊಂಡೇ ವಿದೇಶದ ರಾಯಭಾರಿಗಳನ್ನು ಕಾಣುವವರು. ಪಶ್ಚಿಮದ ಪತ್ರಿಕೆಗಳು ಅವರನ್ನು ಕುಚೋದ್ಯ ಮಾಡಿದುವು. ಆದರೂ ಲಂಚದ ಮಾತನ್ನು ಅವರ ಹತ್ತಿರ ಸುಳಿಯಗೊಡಲಿಲ್ಲವೆಂದು ವಿರೋಧಿಗಳೂ ಒಪ್ಪುತ್ತಾರೆ. ಇಂಗ್ಲೆಂಡು ಇರಾನದ ಎಣ್ಣೆಯನ್ನು ಯಾರೂ ಕೊಳ್ಳದಂತೆ ಕಟ್ಟು ಹಾಕಿತು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1952ರಲ್ಲಿ ಆ ನ್ಯಾಯಾಲಯವು ಈ ವ್ಯಾಜ್ಯವು ತನ್ನ ಅಧಿಕಾರಕ್ಕೆ ಒಳಪಡದೆಂದು ತೀರ್ಪಿತ್ತಿತು.

ನ್ಯಾಯಾಲಯದಲ್ಲಿ ಆಗದುದನ್ನು ಬೀದಿಯಲ್ಲಿ ಮಾಡಿದರು. ಅಮೆರಿಕೆಯ ಅಧ್ಯಕ್ಷ ಟ್ರೂಮನ್ನರು ಸಂಧಾನಕ್ಕೆ ಯತ್ನಿಸಿದ್ದರು; 1953ರಲ್ಲಿ ಐಸೆನ್‌ಹೋವರರು ಬಂದ ಮೇಲೆ ಇರಾನವು ಕಮ್ಯುನಿಸ್ಟರ ಪಾಲಾದೀತೆಂಬ ಭಯವು ಮೇಲುಗೈಯಾಯಿತು. ಆ ವರುಷದ ಆಗಸ್ಟಿನಲ್ಲಿ ಎರಡೂ ದೇಶಗಳ ಗುಪ್ತಚರ ಸಂಸ್ಥೆಗಳು ಹಣವನ್ನು ಸುರಿದು ಪಿತೂರಿ ನಡೆಸಿದುವು. ಮೊದಲ ಯತ್ನ ವಿಫಲವಾಗಿ ಶಹನು ದೇಶವನ್ನು ಬಿಟ್ಟು ಓಡಿದನು. ಆಗಸ್ಟ 19ರಂದು ಎರಡನೆಯ ಯತ್ನ ಫಲಿಸಿತು. ಶಹನು ಮರಳಿ ಬಂದನು. ಮೊಸಾದೆಗ್ ಮೂರು ವರುಷ ಸೆರೆಮನೆಯಲ್ಲಿದ್ದು, ಬಳಿಕ 1967ರಲ್ಲಿ ಸಾಯುವ ತನಕ ತಮ್ಮ ಹಳ್ಳಿಯಲ್ಲಿ ಬಂದಿಯಾಗಿ ದಿನ ಕಳೆದರು. ಈ ಪಿತೂರಿಗೆ ಇರಾನದವರೇ ಆದ ಸೇನಾನಿಗಳೂ, ಕೆಲವು ಧರ್ಮಗುರುಗಳೂ ಕೈಗೂಡಿಸಿದ್ದರೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ 1954ರಲ್ಲಿ ಎಣ್ಣೆಯನ್ನು ಮರಳಿ ಹಂಚಿಕೊಂಡಾಗ ಅಮೆರಿಕೆಯ ಕಂಪನಿಗಳಿಗೆ ಶೇಕಡಾ 40 ಪಾಲು ಬಂದಿತು. ಮೊದಲು ಅವುಗಳಿಗೆ ಅಲ್ಲಿ ಕಾಸಿನ ಪಾಲೂ ಇರಲಿಲ್ಲ. ಬಾಸ್ಕರವಿಲ್ಲನ ದೇಶವು ಇಷ್ಟಾದ ಮೇಲೆ ಇರಾನೀಯನ ಕಣ್ಣಿಗೆ ಹೇಗೆ ಕಂಡಿರಬೇಕು!

ಮುಂದಿನದನ್ನು ಬೇಗನೆ ಹೇಳುತ್ತೇವೆ. 1957ರಲ್ಲಿ ಶಹನ ಗುಪ್ತ ಪೋಲೀಸು ಪಡೆಯು ಅಮೆರಿಕೆಯ ನೆರವಿನಿಂದ ಸಿದ್ಧವಾಯಿತು. 1964ರಲ್ಲಿ, ಇರಾನದಲ್ಲಿದ್ದ ಅಮೆರಿಕನ್ ಸೈನಿಕ ಸಿಬ್ಬಂದಿಯು ಅಪರಾಧ ಮಾಡಿದರೂ ಅಲ್ಲಿಯ ಕೋರ್ಟು ವಿಚಾರಿಸಕೂಡದೆಂಬ ಕಾಯಿದೆಯಾಯಿತು. ಅದನ್ನು ಖಂಡಿಸಿ ಗುಡುಗಿದ ಖೊಮೇನಿಯವರನ್ನು ಗಡಿಪಾರು ಮಾಡಿದರು. 1979ರಲ್ಲಿ ಶಹನು ಎರಡನೆಯ ಸಲ ಓಡಿದನು. ಆ ಅಕ್ಟೋಬರಿನಲ್ಲಿ ಅಮೆರಿಕೆಯು ಅವನನ್ನು ಚಿಕಿತ್ಸೆಗಾಗಿ ಬರಮಾಡಿಕೊಂಡಿತು. ಅಮೆರಿಕನ್ನರು ಅದನ್ನು ದಯೆಯೆಂದು ಬಗೆದರು. 1953ನ್ನು ಮರೆಯದ ಇರಾನೀಯರಿಗೆ ಅದು ಮತ್ತೊಂದು ಪಿತೂರಿಯ ಪೀಠಿಕೆಯಾಗಿ ತೋರಿತು. ನವೆಂಬರ 4ರಂದು ವಿದ್ಯಾರ್ಥಿಗಳು ರಾಯಭಾರದ ಕಚೇರಿಗೆ ನುಗ್ಗಿದರು. 52 ಜನರು 444 ದಿನ ಒತ್ತೆಯಾಳಾಗಿದ್ದರು. ಇದು ಅನ್ಯಾಯ. ಆ ನೌಕರರಲ್ಲಿ ಯಾರೂ ಮೊಸಾದೆಗ್ಗರನ್ನು ಕೆಡವಿದವರಲ್ಲ. ಹೊಸ ದೊರೆಗಳು ಅದೇ ಸಿಟ್ಟನ್ನು ತಮ್ಮ ಗುರಾಣಿಯಾಗಿ ಮಾಡಿಕೊಂಡು ಸ್ವಂತ ಪ್ರಜೆಗಳ ಬಾಯಿ ಕಟ್ಟಿದ್ದನ್ನೂ ಲೋಕ ಕಂಡಿದೆ. ನ್ಯಾಯವಾದ ಸಿಟ್ಟು ಅನ್ಯಾಯದವರ ಕೈಗೆ ಸಿಗುವುದು ಹೊಸ ಮಾತೇನೂ ಅಲ್ಲ.

ಅಮೆರಿಕೆಯು ಬಡ ದೇಶಗಳಿಗೆ ಎಷ್ಟೊಂದು ಸಹಾಯ ಮಾಡಿಲ್ಲವೆ ಎಂದು ಕೇಳುವವರಿದ್ದಾರೆ. ಮಾಡಿದೆ. 1965 ಮತ್ತು 1966ರ ಬರಗಾಲದಲ್ಲಿ ಅವರ ಗೋಧಿಯು ಬಾರದಿದ್ದರೆ ಭಾರತದಲ್ಲಿ ಎಷ್ಟು ಜನ ಸಾಯುತ್ತಿದ್ದರೋ ಊಹಿಸಲಾಗದು. 1966ರೊಂದರಲ್ಲಿಯೇ ಪರದೇಶಗಳಿಂದ ಸುಮಾರು ಒಂದು ಕೋಟಿ ಟನ್ನು ಧಾನ್ಯ ಬಂದಿತು. ಅದರ ಬಹುಪಾಲು ಅಮೆರಿಕೆಯದು. ಜೋಳದ ರೊಟ್ಟಿಯ ಕೈಗಳು ಪಡಿತರದ ಆ ಹಿಟ್ಟನ್ನು ತಟ್ಟಲು ಪಟ್ಟ ಪಾಡನ್ನು ನಮ್ಮ ಹಿರಿಯ ತಾಯಂದಿರು ಇಂದಿಗೂ ನೆನೆಯುತ್ತಾರೆ. ಅದನ್ನು ಮರೆತರೆ ಕೃತಘ್ನತೆಯಾದೀತು. ಆದರೆ ಅಧ್ಯಕ್ಷ ಜಾನ್ಸನ್ನರು ಆ ಧಾನ್ಯವನ್ನು ತಿಂಗಳು ತಿಂಗಳಿಗೆ ಅಳೆದು ಬಿಟ್ಟರು. ವಿಯೆಟ್ನಾಮಿನ ಯುದ್ಧವನ್ನು ಭಾರತವು ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ. ಅನ್ನವೂ ಬಂದಿತು, ಅದರ ಹಿಂದೆ ಹಗ್ಗವೂ ಬಂದಿತು. ಉಂಡವರು ಉಣಿಸಿದವರ ಮೇಲೆ ಮುನಿದರೆ ಅದಕ್ಕೆ ಹೊಟ್ಟೆಕಿಚ್ಚೆಂಬ ಹೆಸರು ಒಪ್ಪುವುದೆ?

ತಪ್ಪನ್ನು ಒಪ್ಪಿಕೊಳ್ಳಲು ಬಲಿಷ್ಠರಿಗೆ ಕಾಲ ಬೇಕಾಗುತ್ತದೆ. ಮೊಸಾದೆಗ್ಗರನ್ನು ಕೆಡವುವುದರಲ್ಲಿ ತಮ್ಮ ದೇಶದ ಕೈವಾಡವಿತ್ತೆಂದು ಅಮೆರಿಕೆಯ ವಿದೇಶಾಂಗ ಕಾರ್ಯದರ್ಶಿ ಮೆಡಲಿನ್ ಆಲ್ಬ್ರೈಟ್ ಅವರು ಬಹಿರಂಗವಾಗಿ ನುಡಿದದ್ದು 2000ನೆಯ ಇಸವಿಯಲ್ಲಿ. ಗುಪ್ತಚರ ಸಂಸ್ಥೆಯ ದಾಖಲೆ ಅದನ್ನು ಒಪ್ಪಿಕೊಂಡು ಹೊರಬಿದ್ದುದು 2013ರಲ್ಲಿ, ಪೂರಾ ಅರುವತ್ತು ವರುಷಗಳ ಮೇಲೆ. 2015ರಲ್ಲಿ ಅಣುಶಕ್ತಿಯ ಬಗ್ಗೆ ಒಂದು ಒಪ್ಪಂದವಾಗಿ ಸ್ವಲ್ಪ ಬೆಳಕು ಮೂಡಿತ್ತು. 2018ರಲ್ಲಿ ಅಮೆರಿಕೆಯು ಅದರಿಂದ ಹೊರನಡೆದು, ಇರಾನದ ಎಣ್ಣೆಯನ್ನು ಕೊಳ್ಳುವ ದೇಶಗಳಿಗೂ ದಂಡದ ಬೆದರಿಕೆ ಹಾಕಿತು. 1951ರಲ್ಲಿ ಇಂಗ್ಲೆಂಡು ಹಾಕಿದ ಕಟ್ಟನ್ನು ಕೇಳಿ ಬಲ್ಲ ಇರಾನೀಯನಿಗೆ ಇದು ಹೊಸದಾಗಿ ಕಂಡಿರಲಾರದು. ವರುಷಾನುಗಟ್ಟಲೆ ಆ ಎಣ್ಣೆಯನ್ನು ಶುದ್ಧೀಕರಿಸುತ್ತ ಬಂದಿದ್ದ ನಮ್ಮ ಮಂಗಳೂರಿನ ಕಾರಖಾನೆಯೂ ಬೇರೆ ಕಡೆಗೆ ನೋಡಬೇಕಾಯಿತು. 2019ರ ಮೇ ತಿಂಗಳಲ್ಲಿ ಭಾರತವು ಇರಾನದಿಂದ ಎಣ್ಣೆ ತರಿಸುವುದನ್ನು ನಿಲ್ಲಿಸಿತು. ಇರಾನದೊಡನೆ ನಮಗೆ ಜಗಳವಿರಲಿಲ್ಲ.