ಸರ್ಕಾರಿ ಆಸ್ಪತ್ರೆಯೋ, ಖಾಸಗಿ ಆಸ್ಪತ್ರೆಯೋ?

(ವಾರ್ಷಿಕೋತ್ಸವದ ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಉರ್ದು, ಕನ್ನಡ ಕಲಿಸುವವರಿಗೆ ಆಸ್ಪತ್ರೆಯ ವಿಷಯವೇಕೆ ಎಂದು ನೀವು ಕೇಳಬಹುದು. ನಮ್ಮ ಮಕ್ಕಳು ಶಾಲೆಗೆ ಪುಸ್ತಕಗಳನ್ನಷ್ಟೇ ತರುವುದಿಲ್ಲ, ಮನೆಯವರ ಆಸ್ಪತ್ರೆ ಕಾಗದಗಳನ್ನೂ ತರುತ್ತಾರೆ. "ಟೀಚರ್, ಇದರಲ್ಲಿ ಏನು ಬರೆದಿದೆ ಅಂತ ಅಮ್ಮೀ ಕೇಳ್ಕೊಂಡು ಬಾ ಅಂದ್ರು" ಎನ್ನುತ್ತಾರೆ. ಕಾಗದ ಇಂಗ್ಲಿಷಿನಲ್ಲಿದೆ, ಅಮ್ಮೀಗೆ ಓದಲು ಬರುವುದು ಉರ್ದು. ಅದರ ಕೆಳಗೆ ಸಹಿ ಮಾತ್ರ ಅವರದೇ!

ನಮ್ಮ ಮೊಹಲ್ಲಾಗಳಲ್ಲಿ ಎರಡು ಮಾತು ಕೇಳುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳುವವರಿಲ್ಲ ಎಂಬುದು ಒಂದು, ಖಾಸಗಿಯವರು ಸುಲಿಯುತ್ತಾರೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಹಣ ಕೊಡಲಾಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಆದರೂ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64ರಷ್ಟನ್ನು ಜನರು ತಮ್ಮ ಜೇಬಿನಿಂದಲೇ ಕೊಟ್ಟರು. 2021-22ರ ಹೊತ್ತಿಗೆ ಅದು ಶೇ. 39ಕ್ಕೆ ಇಳಿಯಿತು. ಇದು ಸಂತೋಷದ ವಿಷಯವೇ. ಆದರೆ ಅದೇ ವರ್ಷ ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಿದ್ದು ದೇಶದ ಉತ್ಪನ್ನದ ಶೇ. 1.84 ಮಾತ್ರ. 2025ರೊಳಗೆ ಶೇ. 2.5 ಮಾಡುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದಿತ್ತು.

ಸರ್ಕಾರಿ ಎಂದರೆ ಕೀಳು ಎನ್ನುವವರು ಬೆಂಗಳೂರಿನ ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳನ್ನು ನೋಡಿ ಬರಲಿ. ಇವು ಸರ್ಕಾರದ ಹಣದಿಂದ ಬೆಳೆದ ಸಂಸ್ಥೆಗಳು. ತಮ್ಮ ಆಡಳಿತವನ್ನು ತಾವೇ ನಡೆಸುವ ಸ್ವಾತಂತ್ರ್ಯ ಅವಕ್ಕಿದೆ. ತಾಲ್ಲೂಕು ಆಸ್ಪತ್ರೆಯ ಕಷ್ಟ ಬೇರೆ. ಅಲ್ಲಿ ಕಟ್ಟಡವಿರುತ್ತದೆ, ಹೆರಿಗೆ ವೈದ್ಯರೂ ಇರುತ್ತಾರೆ, ಆದರೆ ಅರಿವಳಿಕೆ ಕೊಡುವ ವೈದ್ಯರ ಹುದ್ದೆ ಖಾಲಿಯಿದ್ದರೆ ರಾತ್ರಿ ಹನ್ನೆರಡಕ್ಕೆ ಸಿಸೇರಿಯನ್ ಆಗುವುದಿಲ್ಲ. ಆಗ ಬಡವನೂ ನರ್ಸಿಂಗ್ ಹೋಂ ಬಾಗಿಲು ತಟ್ಟಲೇಬೇಕು. ಅವನನ್ನು ದೂರುವುದು ಸರಿಯಲ್ಲ.

ನನ್ನ ದೂರು ಇರುವುದು ತುರ್ತಲ್ಲದ ಕಾಯಿಲೆಗಳ ಬಗ್ಗೆ. ನಮಗೆ ಪರಿಚಯದ ಆಟೋ ಚಾಲಕರೊಬ್ಬರ ಪತ್ನಿಗೆ ಪಿತ್ತಕೋಶದಲ್ಲಿ ಕಲ್ಲು. ಶಸ್ತ್ರಚಿಕಿತ್ಸೆಗೆ ಎರಡು ವಾರ ಸಮಯವಿತ್ತು, ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಜನ್ ಇದ್ದರು, ಮನೆಯಲ್ಲಿ ಬಿಪಿಎಲ್ ಕಾರ್ಡಿತ್ತು. ಯಾರೋ ಹೇಳಿದರೆಂದು ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದರು. ಅದು ಯೋಜನೆಗೆ ನೋಂದಾಯಿತವಾದದ್ದಲ್ಲ ಎಂದು ತಿಳಿದದ್ದು ಬಿಲ್ಲು ಬಂದಾಗ. ಬಂಗಾರ ಗಿರವಿಗೆ ಹೋಯಿತು. ಜೂನ್ ತಿಂಗಳಲ್ಲಿ ಅವರ ಮಗಳು ಪಿಯುಸಿಗೆ ಸೇರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಬಂದ ಹುಡುಗಿ ಅವಳು. ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಈ ಮಾತು ಆಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೇ?

ಆದ್ದರಿಂದ ಕಾರ್ಡಿನ ನಿಯಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ನ್ನು, 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಕೊಡುತ್ತದೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ, ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯೋಜನೆಯಲ್ಲಿ ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಈ ಅಲೆದಾಟ ಏಕೆ ಎಂದು ಜನ ಬೇಸರಪಡುತ್ತಾರೆ. ನನಗೆ ಇದು ಒಳ್ಳೆಯ ನಿಯಮವೆಂದೇ ಅನಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯಾದರೆ ಯೋಜನೆಯ ಹಣ ಆ ಆಸ್ಪತ್ರೆಗೇ ಬರುತ್ತದೆ. ಎಲ್ಲರೂ ಅದನ್ನು ಬಿಟ್ಟು ಓಡಿದರೆ ಅಲ್ಲಿಗೆ ಇನ್ನೊಬ್ಬ ವೈದ್ಯರನ್ನು ಹಾಕಿ ಎಂದು ಕೇಳುವವರು ಯಾರು?

ಖಾಸಗಿಯವರ ಮೇಲೂ ಕಾನೂನಿದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರುವಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಮಸೂದೆ ಸಡಿಲವಾಯಿತು, ಜೈಲು ಶಿಕ್ಷೆಯ ಮಾತು ಹೋಯಿತು. ಆದರೂ ಕೆಲವು ಅಂಶ ಉಳಿದವು. ತುರ್ತಿನಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಇದೆಯೆಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಸರ್ಕಾರಿ ವೈದ್ಯರಿರಲಿ, ಖಾಸಗಿ ವೈದ್ಯರಿರಲಿ, ಅಪಘಾತದ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮೊದಲು ಪೊಲೀಸ್ ಕೇಸ್ ಆಗಲಿ ಎಂದರೆ ನೀವು ಈ ಮಾತನ್ನು ಧೈರ್ಯವಾಗಿ ಹೇಳಿ.

ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ದಾಖಲಾಗುವ ಮೊದಲು, ಸಹಿ ಹಾಕುವ ಮೊದಲು, ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಅವರನ್ನು ಕಾಣಿ. ಕಾಗದ ಓದಲು ಬಾರದಿದ್ದರೆ ಮಗುವಿನ ಕೈಯಲ್ಲಿ ಶಾಲೆಗೆ ಕಳಿಸಿ. ಮಧ್ಯಾಹ್ನದ ಬಿಡುವಿನಲ್ಲಿ ನಾವು ಓದಿ ಹೇಳುತ್ತೇವೆ.