ಒಲ್ಲದ ಗಿಡಕ್ಕೂ ಒಗ್ಗಿಕೊಳ್ಳುವ ಕೀಡಿ
(ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಷೇರು, ಸಾಲ, ಲಾಭಾಂಶದ ಮಾತು ಆಡಲು ಬಲ್ಲವರು ಇಲ್ಲಿ ಬಹಳ ಮಂದಿ ಇದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಹೊಲದಾಗ ಕಂಡ ಕೀಡಿಯ ಮಾತು ಆಡುತ್ತೇವೆ. ನಮ್ಮ ಸಾಲ ತೀರದೆ ಉಳಿಯಲು ಮಳೆಯಷ್ಟೇ ಕೀಡಿಯೂ ಕಾರಣ ಅಲ್ಲವೇ?

ಕಡ್ಲಿ ಹೊಲದಾಗ ಮುಂಜಾನೆ ನಡೆದವರಿಗೆ ಗೊತ್ತು, ಹುಳಿಗೆ ಕಾಲು ಉರಿತಾವ. ಹಿರಿಯರು ರಾತ್ರಿ ಬಿಳಿ ಧೋತರ ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿ ತೆಗೆದಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದರು. ಹುಳ ತಿನ್ನಬಾರದು ಅಂತ ಗಿಡ ಮಾಡಿಕೊಂಡ ಕಾವಲು ಅದು. ಬಹಳ ಹುಳ ಅದರ ಹತ್ತಿರ ಬರೋದಿಲ್ಲ. ಆದರೆ ತೊಗರಿಯ ಹಸಿರು ಕೀಡಿ, ಅಂದರೆ ಕಾಯಿಕೊರಕ, ಅದನ್ನೂ ಅರಗಿಸಿಕೊಂಡಿದೆ. ಕಾಳಿನೊಳಗೆ ಗಿಡವು ಕೀಡಿಯ ಪಚನ ಕೆಡಿಸುವ ಪದಾರ್ಥ ಇಟ್ಟರೆ, ಇದು ತನ್ನ ಹೊಟ್ಟೆಯ ರಸವನ್ನೇ ಬದಲಿಸಿಕೊಳ್ಳುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

1997-98ರ ಹಂಗಾಮಿನಲ್ಲಿ ಈ ಕೀಡಿ ನಮ್ಮ ಜಿಲ್ಲೆಯ ತೊಗರಿಯನ್ನು ತಿಂದು ಹಾಕಿತು. ಆಗ ನಾವು ಹುಡುಗರು. ಔಷಧ ಹೊಡೆದ ಮರುದಿನವೂ ಕೀಡಿ ಕಾಯಿಯ ಮೇಲೆ ಹರಿದಾಡುತ್ತಿದ್ದವು. ಕಡೆಗೆ ಮನಿ ಮಂದಿಯೆಲ್ಲ ಸಾಲಿನಲ್ಲಿ ಚಾದರ ಹಿಡಿದು, ಗಿಡ ಅಲುಗಿಸಿ ಉದುರಿಸಿದೆವು. ಕೀಡಿಯ ರಾಶಿ ಕಂಡು ನಮ್ಮ ಅವ್ವ ಊಟ ಬಿಟ್ಟಿದ್ದಳು.

ಈಗ ಹತ್ತಿಯ ಮಾತು. ಇದರಲ್ಲಿ ನಮ್ಮ ತಪ್ಪೂ ಅದ. 2002ರಲ್ಲಿ ಬಿ.ಟಿ. ಹತ್ತಿಗೆ ಸರಕಾರ ಒಪ್ಪಿಗೆ ಕೊಟ್ಟಿತು. ಗಿಡದೊಳಗೇ ಕೀಡಿಗೆ ವಿಷ. ಸಾವಿರ ಕೀಡಿ ಸತ್ತರೂ ಒಂದೆರಡು ಉಳಿಯುತ್ತವೆ. ಉಳಿದವು ತಮ್ಮತಮ್ಮಲ್ಲೇ ಕೂಡಿದರೆ ಹುಟ್ಟುವ ಸಂತಾನಕ್ಕೆ ಆ ವಿಷವೇ ಊಟ. ಹಾಗೆ ಆಗಬಾರದೆಂದೇ 450 ಗ್ರಾಂ ಬೀಜದ ಜೊತೆಗೆ 120 ಗ್ರಾಂ ಸಾದಾ ಹತ್ತಿಯ ಸಣ್ಣ ಪಾಕೀಟು ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಿದರೆ ಅಲ್ಲಿ ವಿಷ ತಾಳದ ಕೀಡಿ ಬೆಳೆದು, ಗಟ್ಟಿ ಕೀಡಿಯ ಜೊತೆ ಕೂಡಿ, ಸಂತಾನದ ಬಲ ಮುರಿಯುತ್ತದೆ. ನಾವು ಏನು ಮಾಡಿದೆವು? "ಕೀಡಿಗಾಗಿ ಯಾರು ಬಿತ್ತುತಾರ" ಅಂತ ಪಾಕೀಟು ಬದುವಿನ ಮೇಲೆ ಒಗೆದೆವು. ನಾಲ್ಕು ಮಂದಿಗೆ ಹಾಗೇ ಮಾಡ್ರಿ ಅಂತ ಹೇಳಿದವರೂ ನಾವೇ. ಅದು ಯಾಕೆ ಅಂತ ಬೀಜ ಮಾರಿದ ಅಂಗಡಿಯವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗುಲಾಬಿ ಕಾಯಿಕೊರಕ ಒಂದು ಜೀನಿನ ಬಿ.ಟಿ.ಯನ್ನು ಗೆದ್ದದ್ದು 2010ರಲ್ಲಿ ಗುಜರಾತಿನಿಂದ ಬಹಿರಂಗವಾಯಿತು. ಆಮೇಲೆ ಎರಡು ಜೀನಿನ ಬೀಜಕ್ಕೂ ಒಗ್ಗಿತು. 2017ರಲ್ಲಿ ನಮ್ಮ ನಾಲ್ಕು ಎಕರೆಯಲ್ಲಿ ಕಾಯಿ ಹೊರಗಿನಿಂದ ಛಲೋ ಕಾಣುತ್ತಿತ್ತು, ಒಡೆದರೆ ಒಳಗೆ ಗುಲಾಬಿ ಕೀಡಿ, ಅರಳಿ ಕರೆಗಟ್ಟಿತ್ತು. ಆ ವರ್ಷ ಸಂಘದ ಸಾಲ ನಾವು ಬಡ್ಡಿ ಕಟ್ಟಿ ಮುಂದೂಡಿದೆವು. ನಿರ್ದೇಶಕರಾದವರಿಗೆ ಅದು ನಾಚಿಕೆಯ ಮಾತು.

ಅದೇ ಹತ್ತಿಯಲ್ಲಿ ಹಸಿರು ಕೀಡಿ ಯಾಕೆ ಅಷ್ಟು ಬೇಗ ಗೆಲ್ಲಲಿಲ್ಲ? ಅದಕ್ಕೆ ನಮ್ಮ ತೊಗರಿ ಅದ, ಕಡ್ಲಿ ಅದ, ಬೇರೆ ಮನಿ ಬಹಳ. ಅಲ್ಲಿ ವಿಷವಿಲ್ಲದೆ ಬೆಳೆದ ಕೀಡಿ ಬಂದು ಬೆರೆಯುತ್ತಾ ಇರುತ್ತದೆ. ಗುಲಾಬಿ ಕೀಡಿಗೆ ಹೆಚ್ಚುಕಡಿಮೆ ಹತ್ತಿ ಒಂದೇ ಮನಿ. ನಾವು ಒಗೆದ ಪಾಕೀಟಿನ ಕೆಲಸ ಹಸಿರು ಕೀಡಿಯ ಮಟ್ಟಿಗೆ ನಮ್ಮ ತೊಗರಿ ಮಾಡಿತು, ನಮಗೆ ಗೊತ್ತಿಲ್ಲದೇ!

ಹೊರದೇಶದಿಂದ ಬಂದದ್ದು ಸೈನಿಕ ಹುಳು. ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾ, 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗ. ದೇಶದಲ್ಲಿ ಮೊದಲು ಕಂಡದ್ದೇ ಅಲ್ಲಿ. ಅದಕ್ಕೆ ಪ್ರೀತಿ ಮೆಕ್ಕೆಜೋಳ. ಅದು ಸಿಗದಿದ್ದರೆ ಜೋಳದ ಸುಳಿಯೂ ನಡೆಯುತ್ತದೆ. ಆದ್ದರಿಂದ ಬಿಳಿಜೋಳದವರು ನಿಶ್ಚಿಂತಿ ಇರಬ್ಯಾಡ್ರಿ.

ಹತ್ತಿಗೆ ಮೋಹಕ ಬಲೆ ಬಿತ್ತಿದ 45 ದಿನಕ್ಕೆ ಕಟ್ಟಬೇಕು. ಒಂದು ಬಲೆಯಲ್ಲಿ ದಿನಕ್ಕೆ 8 ಪತಂಗದಂತೆ ಮೂರು ದಿನ ಬಿದ್ದರೆ ಮಾತ್ರ ಔಷಧ, ಅದೂ ಪ್ರತಿ ಸಲ ಒಂದೇ ಅಲ್ಲ. ಜನವರಿ ದಾಟಿ ಬೆಳೆ ನಿಲ್ಲಿಸಬಾರದು. ಒಡೆಯದ ಕಾಯಿ ಇರುವ ಹತ್ತಿ ಕಟ್ಟಿಗೆಯ ಬಣವೆಯಲ್ಲೇ ಗುಲಾಬಿ ಕೀಡಿ ಮಲಗಿ ಮುಂದಿನ ಹಂಗಾಮಿಗೆ ಏಳುತ್ತದೆ.

ಇದನ್ನು ಮನಿಯಲ್ಲಿ ಹೇಳಿದಾಗ ನಮ್ಮ ಮನಿಯವರು, "ಕಟ್ಟಿಗಿ ಹೊಲದಾಗೇ ಸುಟ್ಟರ ಮಳೆಗಾಲದಾಗ ಒಲಿಗೆ ಏನು ಹಾಕಲಿ?" ಅಂದರು. ಕಟ್ಟಿಗೆ ಪುಡಿ ಮಾಡಿ ಮಣ್ಣಿಗೆ ಸೇರಿಸುವ ಯಂತ್ರವನ್ನು ಸಂಘವೇ ತಂದು ಬಾಡಿಗೆಗೆ ಕೊಡಬಹುದೇ ಎಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುತ್ತೇವೆ. ಒಲೆಯ ಪ್ರಶ್ನೆಗೆ ಮಾತ್ರ ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ಗೊತ್ತಿದ್ದವರು ಹೇಳ್ರಿ.