ಸಂದರ್ಶನಕ್ಕೆ ಹೊರಟವರ ಉಡುಪು

ಎಂಬಿಎಗೋ ಪಿಎಚ್‌ಡಿಗೋ ಕಾಲೇಜಿನಿಂದ ಸಂದರ್ಶನದ ಕರೆ ಬಂತೆಂದರೆ, ಓದಿನ ಚಿಂತೆಯ ಜೊತೆಗೇ ಮನೆಯಲ್ಲಿ ಇನ್ನೊಂದು ಚಿಂತೆ ಶುರುವಾಗುತ್ತದೆ: ಏನು ಹಾಕಿಕೊಂಡು ಹೋಗುವುದು? ಕೋಟು ಬೇಕೇ? ಸೀರೆಯೋ, ಚೂಡಿದಾರವೋ? ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ಗಾದೆ. ಆದರೆ ಪರರ ಇಚ್ಛೆಗೆ ಎಷ್ಟರಮಟ್ಟಿಗೆ ಮಣಿಯಬೇಕು?

ಈ ಪ್ರಶ್ನೆಗೆ ಗಾಂಧೀಜಿಯ ಬದುಕಿನಲ್ಲೊಂದು ಉತ್ತರವಿದೆ. 1888ರ ಸೆಪ್ಟೆಂಬರ್ ಕೊನೆಯಲ್ಲಿ ಮೋಹನದಾಸ ಗಾಂಧಿ ಕಾನೂನು ಓದಲು ಇಂಗ್ಲೆಂಡಿನಲ್ಲಿ ಹಡಗಿಳಿದರು. ಇನ್ನೂ 19 ತುಂಬಿರಲಿಲ್ಲ. ಆ ದಿನಕ್ಕೆಂದೇ ಎತ್ತಿಟ್ಟಿದ್ದ ಬಿಳಿ ಫ್ಲಾನೆಲ್ ಸೂಟು ತೊಟ್ಟಿದ್ದರು. ಸುತ್ತ ನೋಡಿದರೆ ಬಿಳಿ ತೊಟ್ಟವರು ಅವರೊಬ್ಬರೇ! ನಾಚಿಕೆಯಿಂದ ಕುಗ್ಗಿಹೋದರು. ಮುಂದೆ ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡ್ ಸುರಿದು ಸೂಟು ಹೊಲಿಸಿದರು. ದಿನವೂ ದೊಡ್ಡ ಕನ್ನಡಿಯ ಮುಂದೆ 10 ನಿಮಿಷ ನಿಂತು ಟೈ ಸರಿಮಾಡಿಕೊಳ್ಳುತ್ತಿದ್ದರು, ಬೈತಲೆ ತಿದ್ದಿಕೊಳ್ಳುತ್ತಿದ್ದರು. ಸುಮಾರು ಮೂರು ತಿಂಗಳಲ್ಲಿ, ತಾನು ಬಂದದ್ದು ಓದುವುದಕ್ಕೆ ಎಂಬ ಎಚ್ಚರ ಮೂಡಿತು. ಶೋಕಿ ಬಿಟ್ಟರು, ಅಚ್ಚುಕಟ್ಟು ಬಿಡಲಿಲ್ಲ. 1931ರ ನವೆಂಬರಿನಲ್ಲಿ ಅದೇ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಗೆ, ದೊರೆ ಐದನೇ ಜಾರ್ಜರ ಭೇಟಿಗೆ, ತುಂಡು ಪಂಚೆ, ಶಾಲಿನಲ್ಲೇ ಹೋದರು. ಆ ವೇಳೆಗೆ ತಾವು ಯಾರ ಪರವಾಗಿ ಬಂದಿದ್ದೇವೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ಸಂದರ್ಶನಕ್ಕೆ ಹೊರಟ ಮಕ್ಕಳಿಗೆ ತುಂಡು ಪಂಚೆಯಂಥ ವ್ರತವೇನೂ ಬೇಕಿಲ್ಲ. ಕರೆಪತ್ರದಲ್ಲಿ ಇಂಥ ಉಡುಪು ಎಂದಿದ್ದರೆ ಪಾಲಿಸಿ, ಅದು ಸಭಾಮರ್ಯಾದೆ. ಇಲ್ಲವಾದರೆ ಮೈಗೆ ಒಗ್ಗಿದ, ಒಗೆದು ಇಸ್ತ್ರಿ ಮಾಡಿದ ಬಟ್ಟೆ ಸಾಕು. ಸಡಿಲವಾದ ಗುಂಡಿಯನ್ನು ಹಿಂದಿನ ರಾತ್ರಿಯೇ ಹೊಲಿದುಕೊಳ್ಳಿ. ಸೀರೆಯ ರೂಢಿಯಿಲ್ಲದವಳು ಸೆರಗಿನ ಪಿನ್ನನ್ನೇ ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದರೆ, ಹೊಸ ಶೂ ಹಿಮ್ಮಡಿ ಕಚ್ಚುತ್ತಿದ್ದರೆ, ಕೇಳಿದ ಪ್ರಶ್ನೆ ಅರ್ಧವೇ ಕಿವಿಗೆ ಬೀಳುತ್ತದೆ. ತೊಟ್ಟ ಮೇಲೆ ಮರೆತುಹೋಗುವ ಬಟ್ಟೆಯೇ ಒಳ್ಳೆಯ ಬಟ್ಟೆ. ಆಗ ಮನಸ್ಸು ಎದುರಿಗಿರುವವರ ಮಾತಿನ ಮೇಲೆ ನಿಲ್ಲುತ್ತದೆ. ಸಾಲ ಮಾಡಿ ಸೂಟು ಕೊಡಿಸಿದರೆ ಆ ಸಾಲದ ಭಾರವೂ ಮಗುವಿನ ಜೊತೆ ಒಳಗೆ ಹೋಗುತ್ತದೆ ಎಂಬುದನ್ನು ಹೆತ್ತವರು ಮರೆಯಬಾರದು.

ಪ್ರಶ್ನೆ ಕೇಳಲು ಕೂತ ಹಿರಿಯರಿಗೂ ಒಂದು ಪ್ರಾರ್ಥನೆ. ಬಾಗಿಲು ತೆಗೆದು ಬಂದ ಹುಡುಗನ ಕೋಟು ಸೋದರಮಾವನದ್ದಿರಬಹುದು, ತೋಳು ಬೆರಳಿನವರೆಗೆ ಇಳಿದಿರಬಹುದು. ‘ಕೂತ್ಕೊಳ್ಳಪ್ಪ, ನೀರು ಕುಡಿ’ ಎಂದು ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಅವನು ಓದಿದ್ದು, ಯೋಚಿಸಿದ್ದು ಆಗ ತಾನಾಗಿ ಹೊರಗೆ ಬರುತ್ತದೆ. ನೀವು ನೋಡಬೇಕಾದದ್ದು ಅದನ್ನೇ.